ಎದೆನೋವನ್ನು ‘ಗ್ಯಾಸ್’ ಎಂದು ಬೆಳಗಿನವರೆಗೆ ಕಾಯಬೇಡಿ: ಸಾಮಾನ್ಯ ಹೃದ್ರೋಗಗಳ ಲಕ್ಷಣಗಳು ಮತ್ತು ಕಾರಣಗಳು

ರಾಯಚೂರು ಜಿಲ್ಲೆಯ ಗುಂಜಹಳ್ಳಿಯಂಥ ಒಂದು ಊರು. ರಾತ್ರಿ ಎರಡು ಗಂಟೆ. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸಿ, ಅಂಗಡಿಯ ಲೆಕ್ಕ ನೋಡಿ ಮಲಗಿದ್ದ ಐವತ್ತರ ಆಸುಪಾಸಿನ ಯಜಮಾನರು ಎದ್ದು ಕುಳಿತಿದ್ದಾರೆ. ಎದೆಯ ನಡುವೆ ಏನೋ ಭಾರ. ಬನಿಯನ್ ತೊಯ್ಯುವಷ್ಟು ಬೆವರು. ‘ಎದಿ ಮ್ಯಾಲ ಕಲ್ಲಿಟ್ಟಂಗ ಆಗ್ಯಾದ’ ಎನ್ನುತ್ತಾರೆ. ಮನೆಯವರು ಬೆನ್ನು ತಿಕ್ಕುತ್ತಾರೆ, ಎದೆಗೆ ಮುಲಾಮು ಹಚ್ಚುತ್ತಾರೆ, ಅಜವಾನ ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡುತ್ತಾರೆ. ‘ಸಂಜೀಕ ಮಿರ್ಚಿ ತಿಂದಿದ್ರಿ, ಗ್ಯಾಸ್ ಆಗಿರಬೇಕು’ ಎಂದು ಯಾರೋ ಹೇಳುತ್ತಾರೆ. ಒಂದು ತೇಗು ಬರುತ್ತದೆ, ಕೊಂಚ ಹಗುರಾದಂತೆ ಅನ್ನಿಸುತ್ತದೆ. ಮುಂಜಾನೆ ರಾಯಚೂರಿಗೆ ಹೋಗೋಣ ಎಂದು ತೀರ್ಮಾನವಾಗುತ್ತದೆ. ಮುಂಜಾನೆಗೆ ಇನ್ನೂ ನಾಲ್ಕು ಗಂಟೆ ಇದೆ.

ಇಂಥ ರಾತ್ರಿ ನಮ್ಮಲ್ಲಿ ಅನೇಕ ಮನೆಗಳಿಗೆ ಪರಿಚಿತ. ಕೆಲವೊಮ್ಮೆ ಅದು ನಿಜಕ್ಕೂ ಗ್ಯಾಸ್ ಆಗಿರುತ್ತದೆ. ಹೃದಯಾಘಾತವಾಗಿದ್ದರೆ ಮಾತ್ರ, ಆ ನಾಲ್ಕು ಗಂಟೆಗಳಲ್ಲಿ ಹೃದಯದ ಸ್ನಾಯು ತುಣುಕು ತುಣುಕಾಗಿ ಸಾಯುತ್ತಿರುತ್ತದೆ, ಮತ್ತು ಸತ್ತ ಸ್ನಾಯು ಮತ್ತೆ ಹುಟ್ಟುವುದಿಲ್ಲ. ಆಸ್ಪತ್ರೆ ದೂರವಿರುವ ಊರಿನಲ್ಲಿ ಮನೆಯಲ್ಲಿ ಕಳೆದ ಸಮಯ ಇನ್ನಷ್ಟು ದುಬಾರಿ. ಮಾನ್ವಿಯಿಂದಲೂ ದೇವದುರ್ಗದಿಂದಲೂ ರಾಯಚೂರಿಗೆ ಹೆಚ್ಚುಕಡಿಮೆ ಐವತ್ತು ಕಿ.ಮೀ. ದಾರಿ. ಬೆಂಗಳೂರಿನವರು ಅರ್ಧ ಗಂಟೆ ತಡ ಮಾಡಿದರೆ ಆಗುವ ನಷ್ಟಕ್ಕಿಂತ ಇಲ್ಲಿನವರ ನಷ್ಟ ದೊಡ್ಡದು, ಏಕೆಂದರೆ ಇಲ್ಲಿ ದಾರಿಯ ಸಮಯವನ್ನೂ ಅದಕ್ಕೆ ಕೂಡಿಸಬೇಕು.

ಜೈನ ಕುಟುಂಬಗಳಲ್ಲಿ ಇದಕ್ಕೆ ಇನ್ನೊಂದು ನಂಬಿಕೆಯೂ ಸೇರಿಕೊಂಡಿದೆ. ನಾವು ಮಾಂಸ ಮುಟ್ಟುವುದಿಲ್ಲ, ಮದ್ಯ ಮುಟ್ಟುವುದಿಲ್ಲ, ರಾತ್ರಿ ಉಣ್ಣುವುದಿಲ್ಲ, ಹಾಗಾಗಿ ಹೃದ್ರೋಗ ನಮ್ಮ ಮನೆಯ ಕಾಯಿಲೆಯಲ್ಲ ಎಂಬುದು ಆ ನಂಬಿಕೆ. ಇದರಲ್ಲಿ ಅರ್ಧ ಸತ್ಯವಿದೆ. ಆ ಅರ್ಧ ಸತ್ಯವೇ ಅಪಾಯಕಾರಿ.

ಹೃದಯಾಘಾತ ಎಂದರೇನು?

ಮುಷ್ಟಿಯಷ್ಟು ದೊಡ್ಡದಾದ ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿದು ಇಡೀ ದೇಹಕ್ಕೆ ರಕ್ತ ಕಳಿಸುತ್ತದೆ. ಅದಕ್ಕೆ ಬೇಕಾದ ರಕ್ತ ಅದರ ಮೇಲ್ಮೈಯಲ್ಲಿ ಹರಡಿಕೊಂಡಿರುವ ಪರಿಧಮನಿಗಳ ಮೂಲಕ ಬರುತ್ತದೆ. ಈ ನಾಳಗಳ ಒಳಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಶೇಖರವಾಗುತ್ತ ದಾರಿ ಕಿರಿದಾಗುತ್ತದೆ. ಮೆಟ್ಟಿಲು ಹತ್ತುವಾಗ, ಭಾರ ಎತ್ತುವಾಗ ಹೃದಯಕ್ಕೆ ಹೆಚ್ಚು ರಕ್ತ ಬೇಕು, ಕಿರಿದಾದ ನಾಳ ಅಷ್ಟು ಕೊಡಲಾರದು. ಆಗ ಎದೆ ಬಿಗಿಯುತ್ತದೆ, ನಿಂತರೆ ಕೆಲವೇ ನಿಮಿಷಗಳಲ್ಲಿ ಹೋಗುತ್ತದೆ. ಇದಕ್ಕೆ ಆಂಜೈನಾ ಎನ್ನುತ್ತಾರೆ.

ಹೃದಯಾಘಾತ ಇದರ ಮುಂದಿನ ಹಂತ, ಆದರೆ ಯಾವಾಗಲೂ ಮೆಟ್ಟಿಲು ಮೆಟ್ಟಿಲಾಗಿ ಬರುವುದಿಲ್ಲ. ಗೋಡೆಯ ಮೇಲಿನ ಕೊಬ್ಬಿನ ಗಡ್ಡೆ ಒಮ್ಮೆಲೇ ಬಿರಿಯುತ್ತದೆ, ಬಿರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಪೂರ್ತಿ ಮುಚ್ಚುತ್ತದೆ. ಹೀಗೆ ಬಿರಿಯುವ ಗಡ್ಡೆ ಎಷ್ಟೋ ಸಲ ನಾಳದ ಅರ್ಧವನ್ನೂ ಮುಚ್ಚಿರುವುದಿಲ್ಲ. ‘ಹೋದ ತಿಂಗಳು ಟ್ರೆಡ್‌ಮಿಲ್ ಪರೀಕ್ಷೆ ನಾರ್ಮಲ್ ಇತ್ತಲ್ಲ’ ಎಂದು ಅಚ್ಚರಿಪಡುವ ಮನೆಗಳಿಗೆ ಉತ್ತರ ಇಲ್ಲಿದೆ. ಆ ಪರೀಕ್ಷೆ ದಾರಿ ಎಷ್ಟು ಕಿರಿದಾಗಿದೆ ಎಂಬುದನ್ನು ಹೇಳಬಲ್ಲದು, ನಾಳೆ ಯಾವ ಗಡ್ಡೆ ಬಿರಿಯುತ್ತದೆ ಎಂಬುದನ್ನಲ್ಲ.

ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡಾಗ ಅವರಿಗೆ 46 ವರ್ಷ. ದಿನವೂ ವ್ಯಾಯಾಮ ಮಾಡುತ್ತಿದ್ದವರು ಎಂಬ ಕಾರಣಕ್ಕೆ ಆ ಸುದ್ದಿ ನಾಡನ್ನೇ ನಡುಗಿಸಿತು. 2025ರ ಮೇ-ಜೂನ್‌ನಲ್ಲಿ ಹಾಸನ ಜಿಲ್ಲೆಯಲ್ಲಿ ಸುಮಾರು ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹಠಾತ್ತಾಗಿ ಸತ್ತ ಸುದ್ದಿ ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದರು. ಸರ್ಕಾರ ನೇಮಿಸಿದ ತಜ್ಞರ ಸಮಿತಿ 24 ಸಾವುಗಳನ್ನು ಪರಿಶೀಲಿಸಿತು. ಅವುಗಳಲ್ಲಿ ನಾಲ್ಕು ಹೃದಯಕ್ಕೆ ಸಂಬಂಧಿಸಿದವೇ ಅಲ್ಲ ಎಂದು ತಿಳಿಯಿತು. ಉಳಿದವರಲ್ಲಿ ಬಹುಪಾಲು ಜನರಲ್ಲಿ ಮಧುಮೇಹ, ರಕ್ತದೊತ್ತಡ, ತಂಬಾಕು, ಬೊಜ್ಜಿನಂಥ ಹಳೆಯ ಪರಿಚಿತ ಕಾರಣಗಳೇ ಕಂಡುಬಂದವು. ಹೊಸ ನಿಗೂಢ ಕಾರಣವೊಂದು ಸಿಕ್ಕಿದ್ದರೆ ನಮಗೆಲ್ಲ ಒಂದು ರೀತಿಯ ಸಮಾಧಾನವಾಗುತ್ತಿತ್ತೇನೋ. ಸಿಗಲಿಲ್ಲ.

ನೋವಿಗಿಂತ ಹೆಚ್ಚಾಗಿ ಭಾರ

ಸಿನಿಮಾದಲ್ಲಿ ತೋರಿಸುವಂತೆ ಎದೆಯ ಎಡಭಾಗವನ್ನು ಹಿಡಿದುಕೊಂಡು ಕುಸಿಯುವ ದೃಶ್ಯವನ್ನು ಮರೆತುಬಿಡಿ. ಹೃದಯಾಘಾತದ ಹೆಚ್ಚಿನವರು ‘ನೋವು’ ಎಂಬ ಪದವನ್ನೇ ಬಳಸುವುದಿಲ್ಲ. ‘ಹಿಡಕೊಂಡಂಗ ಆಗ್ತದ’, ‘ಒತ್ತಿದಂಗ ಆಗ್ತದ’, ‘ಬಿಗದಂಗ ಆಗ್ಯಾದ’, ‘ಜೀವ ಹೋದಂಗ ಆಗ್ತದ’ ಎನ್ನುತ್ತಾರೆ. ಎಲ್ಲಿ ಎಂದು ಕೇಳಿದರೆ ಒಂದು ಬೆರಳಿನಿಂದ ತೋರಿಸುವುದಿಲ್ಲ, ಇಡೀ ಅಂಗೈಯನ್ನು ಅಥವಾ ಮುಷ್ಟಿಯನ್ನು ಎದೆಯ ನಡುವೆ ಇಡುತ್ತಾರೆ. ಈ ಅಸ್ವಸ್ಥತೆ ಎಡಗೈಗೆ, ಕೆಲವರಲ್ಲಿ ಎರಡೂ ಕೈಗಳಿಗೆ, ಕುತ್ತಿಗೆಗೆ, ಕೆಳದವಡೆಗೆ, ಬೆನ್ನಿಗೆ, ಹೊಟ್ಟೆಯ ಮೇಲ್ಭಾಗಕ್ಕೆ ಹರಡಬಹುದು. ಹಲ್ಲುನೋವೆಂದು ದಂತವೈದ್ಯರ ಬಳಿ ಹೋಗುವವರೂ ಇದ್ದಾರೆ. ಜೊತೆಗೆ ತಣ್ಣನೆಯ ಬೆವರು, ವಾಕರಿಕೆ ಅಥವಾ ವಾಂತಿ, ದಮ್ಮು ಹತ್ತುವುದು, ತಲೆ ತಿರುಗುವುದು. ಇವುಗಳಲ್ಲಿ ತಣ್ಣನೆಯ ಬೆವರನ್ನು ಎಂದೂ ಹಗುರಾಗಿ ನೋಡಬಾರದು. ಬರೀ ಗ್ಯಾಸಿಗೆ ಯಾರೂ ಹಾಗೆ ಬೆವರುವುದು ಅಪರೂಪ.

ಮಹಿಳೆಯರಲ್ಲಿ, ವಯಸ್ಸಾದವರಲ್ಲಿ ಮತ್ತು ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ ಇರುವವರಲ್ಲಿ ಎದೆಯ ಭಾರವೇ ಇಲ್ಲದೆ ಹೃದಯಾಘಾತವಾಗಬಹುದು. ಮಧುಮೇಹದಿಂದ ನರಗಳು ಮಂದವಾಗಿರುತ್ತವೆ, ಸೂಚನೆ ಸರಿಯಾಗಿ ತಲುಪುವುದಿಲ್ಲ. ಕಾರಣವಿಲ್ಲದೆ ಬಂದ ವಿಪರೀತ ಸುಸ್ತು, ಉಸಿರುಕಟ್ಟಿದಂತಾಗುವುದು, ಹೊಟ್ಟೆ ತೊಳಸುವುದು, ಇಷ್ಟೇ ಇರಬಹುದು. ನಮ್ಮ ಮನೆಗಳಲ್ಲಿ ಅಜ್ಜಿ ಅಥವಾ ಅತ್ತೆ ‘ಯಾಕೋ ಇವತ್ತು ಮೈಯಾಗ ಕಸುವೇ ಇಲ್ಲ’ ಎಂದರೆ ಉಪವಾಸದ ಸುಸ್ತು ಎಂದೋ ಬಿಸಿಲಿನ ಸುಸ್ತು ಎಂದೋ ತಿಳಿದು ಮಲಗಿಸುತ್ತೇವೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಆ ಊಹೆ ಸಹಜವೇ. ಸುಸ್ತು ಇದ್ದಕ್ಕಿದ್ದಂತೆ ಬಂದಿದ್ದರೆ, ಬೆವರೋ ಏದುಸಿರೋ ಜೊತೆಗಿದ್ದರೆ, ಒಂದು ಇಸಿಜಿ ತೆಗೆಸುವವರೆಗೆ ಆ ಊಹೆಯನ್ನು ನಂಬಬೇಡಿ.

ಹಾಗಾದರೆ ಗ್ಯಾಸನ್ನು ಗುರುತಿಸುವುದು ಹೇಗೆ? ಒಂದೇ ಬೆರಳಿನಿಂದ ತೋರಿಸಬಹುದಾದ ಚುಚ್ಚುವ ನೋವು, ಒತ್ತಿದರೆ ಅಥವಾ ಉಸಿರೆಳೆದುಕೊಂಡರೆ ಹೆಚ್ಚಾಗುವ ನೋವು ಹೃದಯದ್ದಾಗಿರುವ ಸಾಧ್ಯತೆ ಕಡಿಮೆ. ಕಡಿಮೆ, ಆದರೆ ಇಲ್ಲವೇ ಇಲ್ಲ ಎಂದಲ್ಲ. ತೇಗಿದ ಮೇಲೆ ಹಗುರಾಯಿತು, ಆಂಟಾಸಿಡ್ ಕುಡಿದ ಮೇಲೆ ಕಡಿಮೆಯಾಯಿತು ಎಂಬುದು ಯಾವ ಪುರಾವೆಯೂ ಅಲ್ಲ. ಹೃದಯಾಘಾತದ ಅಸ್ವಸ್ಥತೆಯೂ ಏರಿಳಿಯುತ್ತದೆ. ಅನ್ನನಾಳ ಮತ್ತು ಹೃದಯದಿಂದ ಬರುವ ನೋವಿನ ಸಂದೇಶಗಳು ಬಹುತೇಕ ಒಂದೇ ದಾರಿಯಲ್ಲಿ ಮೆದುಳಿಗೆ ಹೋಗುವುದರಿಂದ ಅನುಭವಿ ವೈದ್ಯರು ಕೂಡ ಬರೀ ಮಾತು ಕೇಳಿ ಇದು ಅದಲ್ಲ ಎಂದು ಹೇಳಲಾರರು, ಇಸಿಜಿ ಮತ್ತು ಟ್ರೋಪೊನಿನ್ ರಕ್ತಪರೀಕ್ಷೆ ಮಾಡಿಸುತ್ತಾರೆ. ವೈದ್ಯರಿಗೇ ಆಗದ್ದನ್ನು ಮನೆಯವರು ಅಜವಾನದಿಂದ ನಿರ್ಧರಿಸಲು ಆಗುವುದಿಲ್ಲ. ಮೊದಲ ಇಸಿಜಿ ಸರಿಯಾಗಿದ್ದರೂ ತೊಂದರೆ ಮುಂದುವರಿದರೆ ಇನ್ನೊಮ್ಮೆ ತೆಗೆಯುವಂತೆ ಕೇಳಲು ಸಂಕೋಚ ಬೇಡ.

ಯಾತ್ರೆಯಲ್ಲಿ ಸಿಗುವ ಮುನ್ಸೂಚನೆಯ ಬಗ್ಗೆಯೂ ಒಂದು ಮಾತು. ಶ್ರವಣಬೆಳಗೊಳದ ವಿಂಧ್ಯಗಿರಿಗೆ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಸಮ್ಮೇದ ಶಿಖರಜಿಯಲ್ಲಿ ಹತ್ತಿ, ಟೋಂಕುಗಳ ವಂದನೆ ಮುಗಿಸಿ ಇಳಿಯಲು 27 ಕಿ.ಮೀ. ನಡಿಗೆ. ವರ್ಷವಿಡೀ ಗಲ್ಲಾದ ಮುಂದೆ ಕುಳಿತವರು ಒಂದೇ ದಿನ, ಅದೂ ಬರಿಹೊಟ್ಟೆಯಲ್ಲಿ, ಇದನ್ನು ಮಾಡುತ್ತಾರೆ. ಹತ್ತುವಾಗ ಎದೆ ಬಿಗಿದು, ನಿಂತಾಗ ಹೋಗಿ, ಮತ್ತೆ ಹತ್ತಿದಾಗ ಮರಳಿ ಬಂದರೆ ಅದು ಆಯಾಸವಲ್ಲ, ಆಂಜೈನಾ ಇರಬಹುದು. ಅಲ್ಲೇ ಇಳಿಯಿರಿ ಅಥವಾ ಡೋಲಿ ಹಿಡಿಯಿರಿ. ಮೊದಲು ದೂರ ನಡೆದಾಗ ಮಾತ್ರ ಬರುತ್ತಿದ್ದ ಬಿಗಿತ ಈಗ ಸ್ನಾನದ ಮನೆಗೆ ಹೋಗಿ ಬರುವಷ್ಟಕ್ಕೇ ಬರುತ್ತಿದೆ, ಅಥವಾ ಕುಳಿತಲ್ಲೇ ಬರುತ್ತಿದೆ ಎಂದರೆ ಆಘಾತ ಹತ್ತಿರದಲ್ಲಿದೆ ಎಂದೇ ತಿಳಿದು ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಆ ರಾತ್ರಿ ಏನು ಮಾಡಬೇಕಿತ್ತು?

ಎದೆಯ ಭಾರ ವಿಶ್ರಾಂತಿಯಲ್ಲೂ ಹತ್ತು-ಹದಿನೈದು ನಿಮಿಷ ಉಳಿದರೆ, ಬೆವರು ಅಥವಾ ಉಸಿರುಕಟ್ಟುವಿಕೆ ಇದ್ದರೆ ಅಷ್ಟೂ ಕಾಯದೆ, 108ಕ್ಕೆ ಕರೆ ಮಾಡಬೇಕು. ರೋಗಿಯನ್ನು ಒರಗಿಸಿ ಕೂರಿಸಿ, ನಡೆಸಬೇಡಿ, ಬೈಕಿನ ಮೇಲೆ ಕೂರಿಸಿಕೊಂಡು ಹೋಗಬೇಡಿ, ಅವರೇ ಕಾರು ಓಡಿಸುವುದಂತೂ ಬೇಡವೇ ಬೇಡ. ಆಸ್ಪಿರಿನ್ ಅಲರ್ಜಿ, ರಕ್ತಸ್ರಾವದ ತೊಂದರೆ ಅಥವಾ ಹೊಟ್ಟೆಹುಣ್ಣು ಇಲ್ಲದಿದ್ದರೆ 300-325 ಮಿ.ಗ್ರಾಂ. ಆಸ್ಪಿರಿನ್ ಅಗಿದು ನುಂಗುವುದು ಪ್ರಯೋಜನಕಾರಿ. ಕರೆಯಲ್ಲಿರುವ ಸಿಬ್ಬಂದಿಯನ್ನೋ ಪರಿಚಯದ ವೈದ್ಯರನ್ನೋ ಕೇಳಿ ಕೊಡಿ. ಅದನ್ನು ಅಗಿಯಲು ನೀರೂ ಬೇಕಿಲ್ಲ. ನಾಲಿಗೆಯ ಕೆಳಗಿಡುವ ಸಾರ್ಬಿಟ್ರೇಟ್ ಬೇರೆ ಮಾತು. ಅದು ರಕ್ತದೊತ್ತಡವನ್ನು ಒಮ್ಮೆಲೇ ಇಳಿಸಬಲ್ಲದು, ವೈದ್ಯರು ಆ ವ್ಯಕ್ತಿಗೇ ಬರೆದುಕೊಟ್ಟಿದ್ದರೆ ಮಾತ್ರ ಕೊಡಬೇಕು. ಪಕ್ಕದ ಮನೆಯವರ ಡಬ್ಬಿಯಿಂದ ತಂದು ಕೊಡುವ ಮಾತ್ರೆ ಅದಲ್ಲ. ಜೋರಾಗಿ ಕೆಮ್ಮಿದರೆ ಹೃದಯಾಘಾತ ತಪ್ಪುತ್ತದೆ ಎಂದು ವರ್ಷಗಳಿಂದ ವಾಟ್ಸ್‌ಆ್ಯಪ್‌ನಲ್ಲಿ ತಿರುಗುತ್ತಿರುವ ಸಂದೇಶವನ್ನು ಅಳಿಸಿಹಾಕಿ.

ವ್ಯಕ್ತಿ ಕುಸಿದು ಬಿದ್ದು, ಕರೆದರೆ ಓಗೊಡದೆ, ಉಸಿರಾಟ ನಿಂತಿದ್ದರೆ ಅಥವಾ ಎಲ್ಲೋ ಒಮ್ಮೆ ಬಿಕ್ಕಿದಂತೆ ಉಸಿರೆಳೆಯುತ್ತಿದ್ದರೆ ಅದು ಹೃದಯ ಸ್ತಂಭನ. ಹೃದಯಾಘಾತ ಕೊಳವೆ ಮುಚ್ಚಿದ ತೊಂದರೆಯಾದರೆ, ಇದು ಬಡಿತವೇ ನಿಂತ ತೊಂದರೆ. ಆಗ ಆಂಬುಲೆನ್ಸ್ ಬರುವವರೆಗೆ ಎದೆಯ ನಡುವೆ ಎರಡೂ ಅಂಗೈಗಳನ್ನು ಒಂದರ ಮೇಲೊಂದು ಇಟ್ಟು, ಸುಮಾರು 5 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಲೇ ಇರಬೇಕು. ಪಕ್ಕೆಲುಬು ಮುರಿದೀತು ಎಂಬ ಹೆದರಿಕೆ ಬೇಡ. ನಮ್ಮ ಯುವಕ ಮಂಡಲಗಳೂ ಮಹಿಳಾ ಸಮಾಜಗಳೂ ವರ್ಷಕ್ಕೊಮ್ಮೆ ಬಸದಿಯ ಸಭಾಭವನದಲ್ಲಿ ಇದರ ಎರಡು ಗಂಟೆಯ ತರಬೇತಿ ಇಡಬಹುದು.

ಯಾವ ಆಸ್ಪತ್ರೆ ಎಂಬ ಪ್ರಶ್ನೆಯಲ್ಲೂ ನಮ್ಮವರು ಸಮಯ ಕಳೆಯುತ್ತಾರೆ. ಹೈದರಾಬಾದಿನಲ್ಲಿ ಬಂಧುಗಳಿದ್ದಾರೆ, ಅಲ್ಲಿ ದೊಡ್ಡ ಆಸ್ಪತ್ರೆ ಇದೆ ಎಂದು 200 ಕಿ.ಮೀ.ಗೂ ಹೆಚ್ಚು ದೂರ ಕಾರು ಹತ್ತಿಸುವುದು ರಾಯಚೂರು ಭಾಗದ ಅಭ್ಯಾಸ. ಮುಚ್ಚಿದ ನಾಳವನ್ನು ಬಲೂನ್ ಮತ್ತು ಸ್ಟೆಂಟ್ ಹಾಕಿ ತೆರೆಯುವುದು ಅತ್ಯುತ್ತಮ ಚಿಕಿತ್ಸೆ ನಿಜ. ಆದರೆ ಎರಡು ಗಂಟೆಯೊಳಗೆ ಅದು ಸಿಗುವಂತಿಲ್ಲದಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಮೊದಲು ಬೀಳಬೇಕು, ಪಯಣ ಆಮೇಲೆ. ಈ ಇಂಜೆಕ್ಷನ್ ಮೊದಲ ಮೂರು ಗಂಟೆಗಳಲ್ಲಿ ಹೆಚ್ಚು ಫಲ ಕೊಡುತ್ತದೆ, ಹನ್ನೆರಡು ಗಂಟೆ ದಾಟಿದರೆ ಬಹುತೇಕ ಪ್ರಯೋಜನವಿಲ್ಲ. ಹೀಗಾಗಿ ಮೊದಲ ನಿಲುಗಡೆ ಇಸಿಜಿ ತೆಗೆದು ಈ ಇಂಜೆಕ್ಷನ್ ಕೊಡಬಲ್ಲ ಹತ್ತಿರದ ಆಸ್ಪತ್ರೆಯೇ ಆಗಬೇಕು.

ಕರ್ನಾಟಕ ಸರ್ಕಾರ 2024ರಲ್ಲಿ ಆರಂಭಿಸಿದ ‘ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆ ಈ ಲೆಕ್ಕಾಚಾರದ ಮೇಲೆಯೇ ನಿಂತಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಜಯದೇವದಂಥ ಕೇಂದ್ರಕ್ಕೆ ಹೋಗುತ್ತದೆ, ಅಲ್ಲಿನ ತಜ್ಞರು ನೋಡಿ ಹೃದಯಾಘಾತ ಎಂದರೆ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅನ್ನು ತಾಲ್ಲೂಕಿನಲ್ಲೇ ಉಚಿತವಾಗಿ ಕೊಡುತ್ತಾರೆ. ಹೊರಗೆ ಇದರ ಬೆಲೆ ಹತ್ತಾರು ಸಾವಿರ ರೂಪಾಯಿ. ನಿಮ್ಮ ತಾಲ್ಲೂಕು ಆಸ್ಪತ್ರೆ ಈ ಜಾಲದಲ್ಲಿದೆಯೇ, ರಾತ್ರಿ ಹೊತ್ತು ಇಸಿಜಿ ತೆಗೆಯುತ್ತಾರೆಯೇ ಎಂದು ಆರೋಗ್ಯವಾಗಿರುವಾಗಲೇ ಒಮ್ಮೆ ಹೋಗಿ ಕೇಳಿ ಬನ್ನಿ. ಮುಂದಿನ ಚಿಕಿತ್ಸೆಗೆ ರಾಯಚೂರಿನಲ್ಲಿ ರಿಮ್ಸ್ ಇದೆ. ನೂರೈವತ್ತು ಕಿ.ಮೀ. ಆಸುಪಾಸಿನಲ್ಲಿರುವ ಕಲಬುರಗಿಯಲ್ಲಿ 371 ಹಾಸಿಗೆಗಳ ಜಯದೇವ ಆಸ್ಪತ್ರೆ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಗಿದೆ. ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಆರಂಭವಾದ ಧರಣಿ ಸಾವಿರ ದಿನಗಳನ್ನೂ ದಾಟಿತು. ಈ ಭಾಗದ ಜನ ಅಷ್ಟು ದಿನ ಕುಳಿತದ್ದೇಕೆ ಎಂಬುದು ರಾತ್ರಿ ಎರಡು ಗಂಟೆಗೆ ಎದೆ ಹಿಡಿದುಕೊಂಡವರ ಮನೆಯವರಿಗೆ ಚೆನ್ನಾಗಿ ಗೊತ್ತು.

ಸಸ್ಯಾಹಾರಿಗಳಿಗೂ ಬರುವುದೇಕೆ?

ಇಂಗ್ಲೆಂಡಿನಲ್ಲಿ ಸಾವಿರಾರು ಜನರನ್ನು ವರ್ಷಗಟ್ಟಲೆ ಗಮನಿಸಿ 2019ರಲ್ಲಿ ಪ್ರಕಟವಾದ ಆಕ್ಸ್‌ಫರ್ಡ್‌ನ ಅಧ್ಯಯನದಲ್ಲಿ ಮಾಂಸಾಹಾರಿಗಳಿಗಿಂತ ಸಸ್ಯಾಹಾರಿಗಳಲ್ಲಿ ಪರಿಧಮನಿ ಕಾಯಿಲೆ ಶೇ. 22ರಷ್ಟು ಕಡಿಮೆ ಇತ್ತು. ಕಡಿಮೆ ಎಂದರೆ ಇಲ್ಲವೆಂದಲ್ಲ. ಮೇಲಾಗಿ ಅಲ್ಲಿನ ಸಸ್ಯಾಹಾರಿಯ ತಟ್ಟೆಯೂ ನಮ್ಮ ಹಬ್ಬದ ತಟ್ಟೆಯೂ ಒಂದೇ ಅಲ್ಲ. ತುಪ್ಪದಲ್ಲಿ ಮುಳುಗಿದ ಹೋಳಿಗೆ, ಡಬ್ಬಿ ಡಬ್ಬಿ ಫರಸಾಣ, ಕರಿದೆಣ್ಣೆಯಲ್ಲೇ ಮತ್ತೆ ಕರಿದ ಮಿರ್ಚಿ, ಒಂದು ಪಾಲು ಪಲ್ಯಕ್ಕೆ ಮೂರು ಪಾಲು ಅನ್ನ, ದಿನಕ್ಕೆ ಐದಾರು ಕಪ್ ಸಕ್ಕರೆ ಚಹಾ, ಇವೆಲ್ಲ ಶುದ್ಧ ಸಸ್ಯಾಹಾರವೇ. ವನಸ್ಪತಿಯೂ ಸಸ್ಯಾಹಾರವೇ. ಅದರಲ್ಲಿನ ಟ್ರಾನ್ಸ್ ಕೊಬ್ಬು ಎಷ್ಟು ಕೆಟ್ಟದ್ದೆಂದರೆ 2022ರ ಜನವರಿಯಿಂದ ಶೇ. 2ಕ್ಕಿಂತ ಹೆಚ್ಚಿರಬಾರದೆಂದು ದೇಶದಲ್ಲಿ ನಿಯಮವೇ ಆಗಿದೆ. ನಮ್ಮ ಭಾಗದ ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿಯ ಊಟಕ್ಕೆ ಯಾವ ಹೃದ್ರೋಗ ತಜ್ಞರೂ ಬೇಡವೆನ್ನುವುದಿಲ್ಲ. ಆ ಊಟವನ್ನು ನಾವೇ ಬಿಟ್ಟಿದ್ದೇವೆ.

ಊಟ ಒಂದು ಕಾರಣವಷ್ಟೇ. 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಎಂಬ ದೊಡ್ಡ ಅಧ್ಯಯನ 52 ದೇಶಗಳ ರೋಗಿಗಳನ್ನು ಪರಿಶೀಲಿಸಿ, ಮೊದಲ ಹೃದಯಾಘಾತಗಳಲ್ಲಿ ಶೇ. 90ರಷ್ಟನ್ನು ಒಂಬತ್ತು ಕಾರಣಗಳಿಂದ ವಿವರಿಸಬಹುದು ಎಂದು ತೋರಿಸಿತು. ತಂಬಾಕು, ಕೆಟ್ಟ ಕೊಬ್ಬಿನ ಪ್ರಮಾಣ, ರಕ್ತದೊತ್ತಡ, ಮಧುಮೇಹ, ಹೊಟ್ಟೆಯ ಬೊಜ್ಜು, ಮಾನಸಿಕ ಒತ್ತಡ, ಹಣ್ಣು-ತರಕಾರಿ ತಿನ್ನದಿರುವುದು, ದೈಹಿಕ ಶ್ರಮವಿಲ್ಲದಿರುವುದು ಮತ್ತು ಮದ್ಯದ ಬಳಕೆಗೆ ಸಂಬಂಧಿಸಿದ್ದು. ದಕ್ಷಿಣ ಏಷ್ಯಾದವರಲ್ಲಿ ಮೊದಲ ಆಘಾತದ ಮಧ್ಯಮ ವಯಸ್ಸು 53 ಎಂದು ಅದೇ ಅಧ್ಯಯನದಿಂದ ತಿಳಿಯಿತು, ಉಳಿದ ದೇಶದವರಿಗಿಂತ ಐದಾರು ವರ್ಷ ಮೊದಲು. ತಂದೆ ಅಥವಾ ಅಣ್ಣ-ತಮ್ಮಂದಿರಿಗೆ 55ಕ್ಕೆ ಮೊದಲು, ತಾಯಿ ಅಥವಾ ಅಕ್ಕ-ತಂಗಿಯರಿಗೆ 65ಕ್ಕೆ ಮೊದಲು ಹೃದಯದ ತೊಂದರೆ ಬಂದಿದ್ದರೆ ನೀವು ಇನ್ನೂ ಮೊದಲೇ ಎಚ್ಚರಗೊಳ್ಳಬೇಕು. ಪ್ಯಾಂಟಿನ ಅಳತೆಯಲ್ಲ, ಹೊಕ್ಕಳ ಮಟ್ಟದಲ್ಲಿ ಟೇಪು ಹಿಡಿದು ನೋಡಿ. ಭಾರತೀಯ ಪುರುಷರಿಗೆ 90 ಸೆಂ.ಮೀ., ಮಹಿಳೆಯರಿಗೆ 80 ಸೆಂ.ಮೀ. ದಾಟಬಾರದು. ತಂಬಾಕು ನಮ್ಮಲ್ಲಿಲ್ಲ ಎನ್ನುವವರು ಅಂಗಡಿಯ ಹುಡುಗರ, ಮನೆಯ ಯುವಕರ ಜೇಬನ್ನು ಒಮ್ಮೆ ನೋಡಬೇಕು. ಅಡಿಕೆ-ತಂಬಾಕಿನ ಪುಡಿ ಹೊಗೆ ಬರುವುದಿಲ್ಲವೆಂಬ ಕಾರಣಕ್ಕೆ ಲೆಕ್ಕಕ್ಕೆ ಬರುವುದಿಲ್ಲ, ಅಷ್ಟೇ.

ರಕ್ತದೊತ್ತಡಕ್ಕೆ ಲಕ್ಷಣವೇ ಇಲ್ಲ ಎಂಬುದನ್ನು ಬೇರೆಯಾಗಿ ಹೇಳಬೇಕು. ‘ನನಗೆ ತಲೆನೋವಿಲ್ಲ, ಹಾಗಾಗಿ ಬಿಪಿ ಇಲ್ಲ’ ಎಂಬ ಮಾತು ತಪ್ಪು. ವಿಶ್ರಾಂತಿಯಲ್ಲಿ ಮತ್ತೆ ಮತ್ತೆ 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ಕಾಯಿಲೆ. 30 ದಾಟಿದವರ ಬಿಪಿ ಮತ್ತು ಸಕ್ಕರೆಯನ್ನು ಹಳ್ಳಿಗಳ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲೇ ಉಚಿತವಾಗಿ ನೋಡುತ್ತಾರೆ.

ಉಪವಾಸ, ಚೌವಿಹಾರ ಮತ್ತು ಮಾತ್ರೆಗಳು

ಪರ್ಯೂಷಣ ಅಥವಾ ದಶಲಕ್ಷಣ ಪರ್ವದ ಮುಂಚಿನ ವಾರವೇ ಹೃದ್ರೋಗವಿರುವವರು ವೈದ್ಯರನ್ನು ಕಾಣಬೇಕು. ವ್ರತ ಬಿಡಿ ಎಂದು ನಾವು ಹೇಳುತ್ತಿಲ್ಲ. ಮಾತ್ರೆಯನ್ನು ಕೇಳದೆ ಬಿಡಬೇಡಿ ಎಂದಷ್ಟೇ ಹೇಳುತ್ತಿದ್ದೇವೆ. ಸ್ಟೆಂಟ್ ಹಾಕಿಸಿಕೊಂಡ ಮೊದಲ ವರ್ಷದಲ್ಲಿ ಆಸ್ಪಿರಿನ್ ಜೊತೆ ಕ್ಲೊಪಿಡೊಗ್ರೆಲ್ ಅಥವಾ ಟಿಕಾಗ್ರೆಲಾರ್ ಕೊಟ್ಟಿರುತ್ತಾರೆ. ಇವನ್ನು ಕೆಲವು ದಿನ ನಿಲ್ಲಿಸಿದರೂ ಸ್ಟೆಂಟಿನೊಳಗೇ ಹೆಪ್ಪುಗಟ್ಟಿ ಹೃದಯಾಘಾತವಾಗಬಹುದು. ಮೆಟೊಪ್ರೊಲಾಲ್‌ನಂಥ ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸಿದರೆ ಬಡಿತ ಮತ್ತು ಒತ್ತಡ ಮೊದಲಿಗಿಂತ ಜೋರಾಗಿ ಏರುತ್ತವೆ. ಇದಕ್ಕೆ ವಿರುದ್ಧವಾಗಿ, ಮೂತ್ರ ಹೆಚ್ಚಿಸುವ ಮಾತ್ರೆಯನ್ನು ನೀರು ಕುಡಿಯದ ದಿನವೂ ಅದೇ ಪ್ರಮಾಣದಲ್ಲಿ ನುಂಗಿದರೆ ಒತ್ತಡ ಕುಸಿದು ಬೀಳಬಹುದು. ಈಗ ಸಕ್ಕರೆಗೂ ಹೃದಯ ವೈಫಲ್ಯಕ್ಕೂ ಕೊಡುವ ಡಪಾಗ್ಲಿಫ್ಲೊಜಿನ್ ಗುಂಪಿನ ಮಾತ್ರೆಗಳನ್ನು ದೀರ್ಘ ಉಪವಾಸದಲ್ಲಿ ಮುಂದುವರಿಸಿದರೆ ರಕ್ತ ಆಮ್ಲೀಯವಾಗುವ ಅಪಾಯವಿದೆ, ಸಕ್ಕರೆ ಹೆಚ್ಚಿಲ್ಲದಿದ್ದರೂ. ಕೆಲವನ್ನು ನಿಲ್ಲಿಸಬಾರದು, ಕೆಲವನ್ನು ನಿಲ್ಲಿಸಬೇಕು. ಯಾವುದು ಯಾವುದೆಂದು ನಿಮ್ಮ ಚೀಟಿ ನೋಡಿದ ವೈದ್ಯರೇ ಹೇಳಬೇಕು.

ರಾತ್ರಿ ನೀರನ್ನೂ ಮುಟ್ಟದವರು ರಾತ್ರಿಯ ಮಾತ್ರೆಯನ್ನು ಬಿಟ್ಟೇಬಿಡುವುದು ಸಾಮಾನ್ಯ. ಇದಕ್ಕೆ ಪರಿಹಾರ ಕಷ್ಟವಲ್ಲ. ನಮ್ಮ ರಾಜ್ಯದಲ್ಲಿ ಸೂರ್ಯೋದಯದಿಂದ ಸೂರ್ಯಾಸ್ತಕ್ಕೆ ವರ್ಷವಿಡೀ ಹನ್ನೊಂದರಿಂದ ಹದಿಮೂರು ಗಂಟೆ ಇರುತ್ತದೆ. ಹನ್ನೆರಡು ಗಂಟೆಗೊಮ್ಮೆ ತೆಗೆದುಕೊಳ್ಳಬೇಕಾದ ಮಾತ್ರೆ ನಮ್ಮ ದಿನಚರಿಗೆ ಹೆಚ್ಚುಕಡಿಮೆ ಹೊಂದಿಕೊಳ್ಳುತ್ತದೆ. ‘ಸೂರ್ಯಾಸ್ತದ ನಂತರ ನಾನು ಏನೂ ತೆಗೆದುಕೊಳ್ಳುವುದಿಲ್ಲ’ ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಿದರೆ ಅವರು ಸಮಯ ಬದಲಿಸಿಯೋ ದಿನಕ್ಕೊಂದೇ ಮಾತ್ರೆ ಕೊಟ್ಟೋ ಸರಿಮಾಡುತ್ತಾರೆ. ಹೇಳದೆ ಬಿಟ್ಟರೆ ಮುಂದಿನ ಸಲ ಮಾತ್ರೆ ಕೆಲಸ ಮಾಡುತ್ತಿಲ್ಲವೆಂದು ಪ್ರಮಾಣ ಹೆಚ್ಚಿಸುತ್ತಾರೆ.

ಇನ್ನು ತುರ್ತಿನ ಮಾತು. ಪಚ್ಚಕ್ಖಾಣದಲ್ಲಿ ಅನಾರೋಗ್ಯಕ್ಕೆ ಆಗಾರಗಳನ್ನು ಇಡುವ ಪದ್ಧತಿ ಇದೆ. ರಾತ್ರಿಭೋಜನ ತ್ಯಾಗದಲ್ಲಿ ಔಷಧಿ-ನೀರಿಗೆ ವಿನಾಯಿತಿ ಇಟ್ಟುಕೊಳ್ಳುವ ಶ್ರಾವಕರೂ ಬಹಳ. ನಿಮ್ಮ ನಿಯಮದಲ್ಲಿ ಯಾವುದಕ್ಕೆ ಅವಕಾಶವಿದೆ ಎಂದು ಗುರುಗಳನ್ನು ಮೊದಲೇ ಕೇಳಿ ಮನೆಯವರಿಗೂ ತಿಳಿಸಿ. ಎದೆ ಹಿಡಿದುಕೊಂಡ ವ್ಯಕ್ತಿಯ ಮುಂದೆ ಕುಳಿತು ಮಾತ್ರೆ ಕೊಡಬಹುದೇ ಎಂದು ಚರ್ಚಿಸುವಂತಾಗಬಾರದು. ಹೆಪಾರಿನ್ ಇಂಜೆಕ್ಷನ್ ಹಂದಿಯ ಕರುಳಿನಿಂದ ಬರುತ್ತದೆ, ಬಹಳಷ್ಟು ಕ್ಯಾಪ್ಸೂಲ್‌ಗಳ ಹೊರಕವಚ ಜೆಲಾಟಿನ್, ಹೃದಯಕ್ಕೆ ಹಾಕುವ ಜೈವಿಕ ಕವಾಟಗಳು ಹಂದಿ ಅಥವಾ ದನದ ಅಂಗಾಂಶದವು. ಲೋಹ ಮತ್ತು ಕಾರ್ಬನ್‌ನ ಕವಾಟಗಳೂ, ಕೃತಕವಾಗಿ ತಯಾರಾದ ಫೊಂಡಾಪರಿನಕ್ಸ್‌ನಂಥ ಔಷಧಿಗಳೂ ಇವೆ. ಎಲ್ಲ ರೋಗಿಗೂ ಅವು ಹೊಂದುವುದಿಲ್ಲ. ಯೋಜಿತ ಶಸ್ತ್ರಚಿಕಿತ್ಸೆಯಾದರೆ ಕೇಳಿ ಆಯ್ದುಕೊಳ್ಳಲು ಸಮಯವಿರುತ್ತದೆ, ಆಘಾತದ ರಾತ್ರಿ ಇರುವುದಿಲ್ಲ.

ಉಳಿದ ಮೂರು ತೊಂದರೆಗಳು

ಹೃದಯ ವೈಫಲ್ಯ ಎಂದರೆ ಹೃದಯ ನಿಂತಿತು ಎಂದಲ್ಲ, ಪಂಪಿನ ಬಲ ಕುಗ್ಗಿದೆ ಎಂದರ್ಥ. ಹಳೆಯ ಆಘಾತ, ವರ್ಷಗಟ್ಟಲೆ ನಿರ್ಲಕ್ಷಿಸಿದ ಬಿಪಿ, ಕವಾಟದ ತೊಂದರೆ ಮುಖ್ಯ ಕಾರಣಗಳು. ಅಂಗಾತ ಮಲಗಿದರೆ ದಮ್ಮು, ಒಂದು ದಿಂಬಿನ ಜಾಗದಲ್ಲಿ ಮೂರು ದಿಂಬು, ನಡುರಾತ್ರಿ ಉಸಿರಿಗಾಗಿ ಎದ್ದು ಕಿಟಕಿಯ ಬಳಿ ಕೂರುವುದು, ಸಂಜೆಗೆ ಪಾದ ಊದಿ ಬೆರಳೊತ್ತಿದರೆ ಗುಳಿ ಬೀಳುವುದು ಇದರ ಗುರುತುಗಳು. ಎರಡು-ಮೂರು ದಿನಗಳಲ್ಲಿ ತೂಕ ಎರಡು ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಇವರಿಗೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ನಿಜಕ್ಕೂ ವಿಷ.

ಸಂಧಿವಾತ ಜ್ವರದ ಹೃದ್ರೋಗ ಬಡ ಮನೆಗಳ ಕಾಯಿಲೆ ಎಂದು ಮರೆತಿದ್ದೇವೆ, ಆದರೆ ಹಳ್ಳಿಗಳಿಂದ ಅದು ಹೋಗಿಲ್ಲ. ಐದರಿಂದ ಹದಿನೈದು ವಯಸ್ಸಿನ ಮಗುವಿಗೆ ಗಂಟಲು ನೋವು ಬಂದು ಎರಡು-ಮೂರು ವಾರಗಳ ನಂತರ ಜ್ವರ, ಒಂದು ಕೀಲಿನಿಂದ ಇನ್ನೊಂದಕ್ಕೆ ಹಾರುವ ಊತ-ನೋವು ಕಂಡರೆ ಮಕ್ಕಳ ವೈದ್ಯರಿಗೆ ತೋರಿಸಿ. ಕೀಲುನೋವು ತಾನಾಗಿ ಹೋಗುತ್ತದೆ, ಕವಾಟದ ಮೇಲಿನ ಗಾಯ ಉಳಿಯುತ್ತದೆ. ಎಷ್ಟೋ ಹೆಣ್ಣುಮಕ್ಕಳಿಗೆ ಅದು ಗೊತ್ತಾಗುವುದು ಮೊದಲ ಬಸಿರಿನಲ್ಲಿ ಉಸಿರು ಸಾಲದಾದಾಗ. ಮೂರು-ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಕೊಡುತ್ತಿದ್ದರೆ ವರ್ಷಗಟ್ಟಲೆ ತಪ್ಪಿಸಬಾರದು.

ಮೂರನೆಯದು ಬಡಿತದ ಏರುಪೇರು. ಚಹಾ ಹೆಚ್ಚಾದಾಗ, ಹೆದರಿದಾಗ ಎದೆ ಡವಡವ ಎನ್ನುವುದು ಸಹಜ. ನಾಡಿ ಹಿಡಿದರೆ ತಾಳವೇ ಸಿಗದಷ್ಟು ಅಡ್ಡಾದಿಡ್ಡಿಯಾಗಿದ್ದರೆ, ಬಡಿತದ ಜೊತೆ ಕಣ್ಣು ಕತ್ತಲೆಯಾದರೆ ಅದು ಬೇರೆ. ಅಡ್ಡಾದಿಡ್ಡಿ ಬಡಿತದಲ್ಲಿ ಹೃದಯದೊಳಗೆ ಹೆಪ್ಪುಗಟ್ಟಿ ಮೆದುಳಿಗೆ ಹೋಗಿ ಪಾರ್ಶ್ವವಾಯು ಆಗಬಹುದು. ಅದಕ್ಕಾಗಿ, ಹಾಗೆಯೇ ಲೋಹದ ಕವಾಟ ಹಾಕಿಸಿಕೊಂಡವರಿಗೆ, ವಾರ್ಫರಿನ್ ಅಥವಾ ಅಸಿಟ್ರೋಮ್‌ನಂಥ ರಕ್ತ ತೆಳುಗೊಳಿಸುವ ಮಾತ್ರೆ ಕೊಡುತ್ತಾರೆ. ನಮ್ಮವರಿಗೆ ಬೇರೆ ಯಾರೂ ಹೇಳದ ಎಚ್ಚರಿಕೆಯೊಂದು ಇಲ್ಲಿದೆ. ಈ ಮಾತ್ರೆಯ ಪ್ರಮಾಣವನ್ನು ನಿಮ್ಮ ದಿನನಿತ್ಯದ ಸೊಪ್ಪು-ತರಕಾರಿಗೆ ಹೊಂದಿಸಿರುತ್ತಾರೆ, ಏಕೆಂದರೆ ಹಸಿರು ಸೊಪ್ಪಿನ ವಿಟಮಿನ್ ಕೆ ಅದರ ಪರಿಣಾಮವನ್ನು ತಗ್ಗಿಸುತ್ತದೆ. ಚಾತುರ್ಮಾಸದಲ್ಲಿ ಸೊಪ್ಪನ್ನು ಪೂರ್ತಿ ಬಿಟ್ಟಾಗ ಅದೇ ಮಾತ್ರೆ ಅತಿಯಾಗಿ ಕೆಲಸ ಮಾಡಿ ವಸಡು, ಮೂಗು, ಮೂತ್ರದಲ್ಲಿ ರಕ್ತ ಕಾಣಿಸಬಹುದು. ಚಾತುರ್ಮಾಸ ಮುಗಿದು ಮೆಂತ್ಯ-ಪಾಲಕ್ ಮತ್ತೆ ಶುರುವಾದಾಗ ಪರಿಣಾಮ ಸಾಲದೆ ಕವಾಟದ ಮೇಲೆ ಹೆಪ್ಪುಗಟ್ಟಬಹುದು. ಎರಡೂ ಸಲ, ಆರಂಭದ ವಾರದಲ್ಲೂ ಮುಗಿದ ವಾರದಲ್ಲೂ, ಐಎನ್‌ಆರ್ ರಕ್ತಪರೀಕ್ಷೆ ಮಾಡಿಸಿ.

ಕೊನೆಯದಾಗಿ ಇವತ್ತೇ ಮಾಡಬಹುದಾದ ಕೆಲಸ. ಹೃದಯದ ತೊಂದರೆ ಇರುವವರ, ಅಥವಾ 40 ದಾಟಿ ಬಿಪಿ-ಸಕ್ಕರೆ ಇರುವವರ ಒಂದು ಇಸಿಜಿ ತೆಗೆಸಿ ಅದರ ಫೋಟೊವನ್ನು ಮನೆಯ ಇಬ್ಬರ ಮೊಬೈಲಿನಲ್ಲಿ ಇಟ್ಟುಕೊಳ್ಳಿ, ಜೊತೆಗೆ ಮಾತ್ರೆಗಳ ಪಟ್ಟಿ, ಅಲರ್ಜಿ ಮತ್ತು ಆರೋಗ್ಯ ಕಾರ್ಡಿನ ಫೋಟೊ. ಇಸಿಜಿಯ ಕಾಗದದ ಮೇಲಿನ ಶಾಯಿ ವರ್ಷ ಕಳೆದಂತೆ ಮಾಸುತ್ತದೆ, ಫೋಟೊ ಮಾಸುವುದಿಲ್ಲ. ರಾತ್ರಿ ಎರಡು ಗಂಟೆಗೆ ಹೊಸ ಇಸಿಜಿಯ ಪಕ್ಕದಲ್ಲಿ ಹಳೆಯದನ್ನು ಹಿಡಿದು ನೋಡಿದರೆ, ಏನು ಬದಲಾಗಿದೆ ಎಂಬುದು ಕರ್ತವ್ಯದಲ್ಲಿರುವ ವೈದ್ಯರಿಗೆ ತಕ್ಷಣ ಕಾಣುತ್ತದೆ.